ಬಿಳಿ ಬಿಸಿಲಿನ ನಾಡಿನ ಬೆಳ್ಳಿತೆರೆ

ತೆರೆಯ ತುಂಬ ಬಿಳಿ ಬಯಲು. ಒಂದೆರಡು ಒಣಮರ, ಮುಳ್ಳುಪೊದೆ, ಅದರಾಚೆ ಬಣ್ಣವೇ ಇಲ್ಲದ ಆಕಾಶ. ಎಲ್ಲಿಂದಲೋ ಎತ್ತಿನ ಗಾಡಿಯ ಚಕ್ರ ಕಿರುಗುಟ್ಟುತ್ತಿದೆ. ಗಾಡಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಕಿವಿ ಕೊರೆಯುವ ಆ ಒಂದೇ ಸದ್ದಿನ ನಡುವೆ ಬಯಲಿನ ಆ ತುದಿಯಲ್ಲಿ ಚುಕ್ಕೆಗಳು ಮೂಡುತ್ತವೆ, ನಿಧಾನಕ್ಕೆ ಮನುಷ್ಯರಾಗುತ್ತವೆ. ದನ ಕಾಯುವ ಫಬಿಯಾನೊ, ಅವನ ಹೆಂಡತಿ ಸಿನ್ಯಾ ವಿತೋರಿಯಾ, ಹೆಸರಿಲ್ಲದ ಇಬ್ಬರು ಗಂಡುಮಕ್ಕಳು, ಬಲೇಯಾ ಎಂಬ ನಾಯಿ. ಬರಕ್ಕೆ ಸಿಕ್ಕಿ ನೆಲೆ ಕಿತ್ತುಕೊಂಡು ಹೊರಟವರು. ಜೊತೆಗೊಂದು ಸಾಕಿದ ಗಿಳಿಯೂ ಇದೆ. ಹಸಿವು ತಡೆಯಲಾರದ ಹೊತ್ತಿನಲ್ಲಿ ಆ ತಾಯಿ ಗಿಳಿಯ ಕತ್ತು ಮುರಿಯುತ್ತಾಳೆ. ಯಾರೂ ಅಳುವುದಿಲ್ಲ. ಅಳುವುದಕ್ಕೂ ಮೈಯಲ್ಲಿ ನೀರಿರಬೇಕಲ್ಲ.

ಇದು ನೆಲ್ಸನ್ ಪೆರೇರಾ ದೋಸ್ ಸಾಂತೋಸ್ 1963ರಲ್ಲಿ ಮಾಡಿದ ‘ವಿದಾಸ್ ಸೆಕಾಸ್’, ಅಂದರೆ ಬತ್ತಿದ ಬದುಕುಗಳು. ಗ್ರಾಸಿಲಿಯಾನೊ ರಾಮೋಸ್ 1938ರಲ್ಲಿ ಪ್ರಕಟಿಸಿದ ಕಾದಂಬರಿಯೇ ಇದರ ಮೂಲ. ಈಶಾನ್ಯ ಬ್ರೆಜಿಲ್‌ನ ಒಳನಾಡಿಗೆ ಸೆರ್ತಾವ್ ಎನ್ನುತ್ತಾರೆ. ಮಳೆ ಕೈಕೊಟ್ಟರೆ ದನ ಸಾಯುವ, ಜನ ಗುಳೆ ಹೋಗುವ ಸೀಮೆ ಅದು. ನೆಲ್ಸನ್ ಈ ಚಿತ್ರವನ್ನು ಮೂರು ವರ್ಷ ಮೊದಲೇ ಮಾಡಬೇಕೆಂದು ತಂಡ ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದರು. ಆಗ ಮಳೆ ಸುರಿದು ಬಯಲೆಲ್ಲ ಹಸಿರಾಯಿತು. ಹಸಿರಿನಲ್ಲಿ ಬರದ ಕಥೆ ಹೇಳುವುದು ಸಾಧ್ಯವಿಲ್ಲವೆಂದು ಅವರು ಅದೇ ತಂಡದಿಂದ ಬೇರೆ ಚಿತ್ರ ಮುಗಿಸಿ ವಾಪಸಾದರು. ಎರಡನೇ ಸಲ ಹೋದಾಗ ಕ್ಯಾಮೆರಾ ಹಿಡಿದವರು ‘ಓ ಕ್ರುಜೇರೊ’ ಪತ್ರಿಕೆಯ ಛಾಯಾಗ್ರಾಹಕರಾಗಿದ್ದ ಲೂಯಿಸ್ ಕಾರ್ಲೋಸ್ ಬಾರೆಟೊ. ಬಿಸಿಲನ್ನು ಹದಗೊಳಿಸುವ ಫಿಲ್ಟರುಗಳನ್ನೆಲ್ಲ ಅವರು ತೆಗೆದಿಟ್ಟರು. ಸೂರ್ಯ ಅಲ್ಲಿ ಹೇಗೆ ಸುಡುತ್ತಾನೋ ಹಾಗೆಯೇ ಫಿಲ್ಮಿನ ಮೇಲೆ ಬೀಳಲಿ ಎಂದರು. ತೆರೆ ನೋಡುತ್ತ ನಮ್ಮ ಕಣ್ಣು ಕಿರಿದಾಗುವುದು ಅದಕ್ಕೇ.

ಕಥೆಯಲ್ಲಿ ನಡೆಯುವುದು ಬಹಳ ಕಡಿಮೆ. ಫಬಿಯಾನೊಗೆ ಒಬ್ಬ ಜಮೀನುದಾರನ ಬಳಿ ಕೆಲಸ ಸಿಗುತ್ತದೆ. ಲೆಕ್ಕದಲ್ಲಿ ಧಣಿ ಮೋಸ ಮಾಡುತ್ತಾನೆ. ಪೇಟೆಯಲ್ಲಿ ಪೊಲೀಸಿನವನೊಬ್ಬ ಕಾಲು ಕೆರೆದು ಜಗಳ ತೆಗೆದು ಜೈಲಿಗೆ ಹಾಕಿ ಹೊಡೆಸುತ್ತಾನೆ. ಸಿನ್ಯಾ ವಿತೋರಿಯಾಗೆ ಒಂದೇ ಆಸೆ: ಚರ್ಮ ಬಿಗಿದ ಮಂಚ, ಅದರ ಮೇಲೆ ಮನುಷ್ಯರ ಹಾಗೆ ಮಲಗುವುದು. ದೊಡ್ಡ ಹುಡುಗ ನರಕ ಹೇಗಿರುತ್ತದೆಂದು ತಾಯಿಯನ್ನು ಕೇಳಿ ಪೆಟ್ಟು ತಿನ್ನುತ್ತಾನೆ. ಹೊರಗೆ ಹೋಗಿ ನಾಯಿಯ ಪಕ್ಕ ಕೂತು, ಸುಟ್ಟ ನೆಲವನ್ನೂ ಒಣ ಗುಡ್ಡವನ್ನೂ ಒಂದೊಂದಾಗಿ ನೋಡುತ್ತಾನೆ. ಉತ್ತರ ಅವನ ಮುಂದೆಯೇ ಹಾಸಿಕೊಂಡಿದೆ. ಕೊನೆಗೆ ಮತ್ತೆ ಬರ, ಮತ್ತೆ ಗುಳೆ. ಹೊರಡುವ ಮುನ್ನ ಕಾಯಿಲೆ ಬಿದ್ದ ಬಲೇಯಾಳನ್ನು ಫಬಿಯಾನೊ ಗುಂಡಿಕ್ಕಿ ಕೊಲ್ಲಬೇಕಾಗುತ್ತದೆ. 1964ರ ಕಾನ್ ಉತ್ಸವದಲ್ಲಿ ಆ ದೃಶ್ಯ ಕಂಡವರು ನಾಯಿಯನ್ನು ನಿಜವಾಗಿಯೇ ಕೊಂದಿದ್ದಾರೆಂದು ಗಲಾಟೆ ಎಬ್ಬಿಸಿದರು. ಜೀವಂತ ನಾಯಿಯನ್ನು ಕಾನ್‌ಗೆ ಕರೆತಂದು ತೋರಿಸಬೇಕಾಯಿತು.

ಬ್ರೆಜಿಲ್ ಸಿನಿಮಾವನ್ನು ಅರಿಯಲು ಈ ಬಯಲೇ ಹೆಬ್ಬಾಗಿಲು. ನೂರಿಪ್ಪತ್ತೈದು ವರ್ಷ ದಾಟಿದ ಆ ಚಿತ್ರರಂಗ ಹಲವು ಸಲ ಮುರಿದುಬಿದ್ದಿದೆ. ದುಡ್ಡಿಲ್ಲದೆ, ಸೈನ್ಯದ ಬೂಟಿನಡಿ, ಸರ್ಕಾರದ ಒಂದು ಸಹಿಯಿಂದ, ಬೆಂಕಿಯಿಂದ. ಪ್ರತಿ ಸಲ ಎದ್ದಾಗಲೂ ಅದು ಹೊಸ ಜಾಗ ಹುಡುಕಿಕೊಂಡು ಹೋಗಲಿಲ್ಲ. ಅದೇ ಒಣ ನೆಲಕ್ಕೆ, ಅದೇ ಗುಡ್ಡದ ಕೇರಿಗೆ, ಅದೇ ಮನೆಯ ಅಡುಗೆಕೋಣೆಗೆ ಮರಳಿ, ಹಿಂದಿನ ಸಲ ಅರ್ಧಕ್ಕೆ ನಿಂತ ಮಾತನ್ನು ಮುಂದುವರಿಸಿತು.

ಹಾಡು, ನಗು, ಕಾರ್ನಿವಲ್

ರಿಯೊ ನಗರದ ಓವಿದೋರ್ ಬೀದಿಯಲ್ಲಿ 1896ರ ಜುಲೈ 8ರಂದು ಬ್ರೆಜಿಲ್ ಮೊದಲ ಬಾರಿಗೆ ಚಲಿಸುವ ಚಿತ್ರ ಕಂಡಿತು. ಯುರೋಪಿನಿಂದ ಹಡಗಿನಲ್ಲಿ ಮರಳುತ್ತಿದ್ದ ಅಫೋನ್ಸೊ ಸೆಗ್ರೆಟೊ 1898ರ ಜೂನ್ 19ರಂದು ಗ್ವಾನಬಾರಾ ಕೊಲ್ಲಿಯನ್ನು ಚಿತ್ರಿಸಿದನೆಂಬ ನೆನಪಿಗೆ ಆ ದಿನವನ್ನು ಇಂದಿಗೂ ಬ್ರೆಜಿಲ್ ಸಿನಿಮಾ ದಿನವೆಂದು ಆಚರಿಸುತ್ತಾರೆ. ಆ ತುಣುಕು ಮಾತ್ರ ಉಳಿದಿಲ್ಲ. ಕಳೆದುಹೋದ ಚಿತ್ರವೊಂದರ ನೆನಪಿನಲ್ಲಿ ಹಬ್ಬ ಮಾಡುವ ಚಿತ್ರರಂಗ ಇದು.

ಮೂಕಿ ಕಾಲದ ಕೊನೆಗೆ ಒಂದು ವಿಸ್ಮಯ ನಡೆಯಿತು. ಇಪ್ಪತ್ತರ ಹರೆಯದ ಮಾರಿಯೊ ಪೇಶೊಟೊ ‘ಲಿಮಿಚಿ’ ಎಂಬ ಚಿತ್ರ ಮಾಡಿದ. ನಡುಗಡಲಿನಲ್ಲಿ ಒಂದು ದೋಣಿ, ಅದರಲ್ಲಿ ದಣಿದ ಇಬ್ಬರು ಹೆಂಗಸರು, ಒಬ್ಬ ಗಂಡಸು; ಒಬ್ಬೊಬ್ಬರ ಹಿಂದಿನ ಬದುಕು ನೀರಿನ ಬೆಳಕಿನ ನಡುವೆ ಬಿಚ್ಚಿಕೊಳ್ಳುತ್ತದೆ. 1931ರ ಮೇ ತಿಂಗಳಲ್ಲಿ ರಿಯೊದಲ್ಲಿ ಮೊದಲ ಪ್ರದರ್ಶನ ಕಂಡ ಅದಕ್ಕೆ ಹಂಚಿಕೆದಾರರೇ ಸಿಗಲಿಲ್ಲ. ಪೇಶೊಟೊ ಮತ್ತೊಂದು ಚಿತ್ರವನ್ನು ಮುಗಿಸಲೇ ಇಲ್ಲ. ಕೊಳೆಯುತ್ತಿದ್ದ ನೈಟ್ರೇಟ್ ಫಿಲ್ಮನ್ನು ಅಭಿಮಾನಿಗಳಿಬ್ಬರು ವರ್ಷಗಟ್ಟಲೆ ದುಡಿದು ಉಳಿಸಿಕೊಂಡದ್ದರಿಂದ ಇಂದು ನಾವು ಅದನ್ನು ನೋಡಬಲ್ಲೆವು.

ಜನ ಮುಗಿಬಿದ್ದದ್ದು ಬೇರೆ ಕಡೆ. 1941ರಲ್ಲಿ ರಿಯೊದಲ್ಲಿ ಅಟ್ಲಾಂಟಿಡಾ ಸ್ಟುಡಿಯೊ ಶುರುವಾಯಿತು. ಕಾರ್ನಿವಲ್ ಹತ್ತಿರ ಬಂದರೆ ಸಾಕು, ಅಲ್ಲಿಂದ ಹೊಸ ಶಾಂಶಾಡಾ ಹೊರಬೀಳುತ್ತಿತ್ತು. ಶಾಂಶಾಡಾ ಎಂದರೆ ಹಾಡು, ಕುಣಿತ, ತಪ್ಪು ಗುರುತಿನ ಗೊಂದಲ, ಬಡಾಯಿಕೋರರ ಮುಖಭಂಗ ಎಲ್ಲ ಸೇರಿದ ನಗೆಚಿತ್ರ. ಆ ವರ್ಷದ ಕಾರ್ನಿವಲ್ ಹಾಡುಗಳನ್ನು ಜನ ಮೊದಲು ಕೇಳುತ್ತಿದ್ದುದೂ ಇವುಗಳಲ್ಲೇ. ಬೆಳ್ಳಗಿನ ಗಿಡ್ಡ ಆಸ್ಕರಿಟೊ, ಕಪ್ಪು ಬಣ್ಣದ ಇನ್ನೂ ಗಿಡ್ಡ ಗ್ರಾಂಜಿ ಒಟೆಲೊ: ಈ ಜೋಡಿ ತೆರೆಗೆ ಬಂದರೆ ಮಂದಿರ ಸಿಳ್ಳೆಯಿಂದ ತುಂಬುತ್ತಿತ್ತು. ಹಾಲಿವುಡ್‌ನ ‘ಹೈ ನೂನ್’ ಬಂದ ಬೆನ್ನಿಗೇ ಕಾರ್ಲೋಸ್ ಮಾಂಗಾ ಅದನ್ನು ಅಣಕಿಸಿ 1954ರಲ್ಲಿ ‘ಮಟಾರ್ ಔ ಕೊಹೇರ್’ ಮಾಡಿದರು. ವಿಮರ್ಶಕರು ಮೂಗು ಮುರಿದರು. ಆದರೆ ಬ್ರೆಜಿಲ್‌ನ ಸಾಮಾನ್ಯ ಮನುಷ್ಯ ತನ್ನ ಮಾತು, ತನ್ನ ಬೀದಿಯ ನಡಿಗೆ, ತನ್ನ ಬಡತನದ ಜಾಣತನವನ್ನು ತೆರೆಯ ಮೇಲೆ ಕಂಡದ್ದು ಈ ಚಿತ್ರಗಳಲ್ಲೇ. ಈ ನಗೆ ಸತ್ತಿಲ್ಲ. ಹೆಣ್ಣುವೇಷದಲ್ಲಿ ಬಾಯಿಬಡುಕಿ ತಾಯಿ ದೋನಾ ಎರ್ಮೀನಿಯಾ ಆಗಿ ನಟಿಸಿದ ಪೌಲೊ ಗುಸ್ತಾವೊ ಅವರ ಸರಣಿಯ ಮೂರನೇ ಚಿತ್ರವನ್ನು 2019ರ ಕೊನೆಯಲ್ಲಿ ತೆರೆಕಂಡ ಮೇಲೆ ಒಂದು ಕೋಟಿಗೂ ಹೆಚ್ಚು ಜನ ನೋಡಿದರು. 2021ರ ಮೇ ತಿಂಗಳಲ್ಲಿ ಕೋವಿಡ್ ಆ ನಟನನ್ನು ಒಯ್ದಾಗ ಇಡೀ ದೇಶ ಅತ್ತಿತು.

ಸಾವೊ ಪೌಲೊದ ಸಿರಿವಂತರಿಗೆ ಶಾಂಶಾಡಾ ಸಾಲದೆನಿಸಿತು. 1949ರಲ್ಲಿ ಅವರು ವೆರಾ ಕ್ರೂಸ್ ಸ್ಟುಡಿಯೊ ಕಟ್ಟಿದರು. ಯುರೋಪಿನಿಂದ ತಂತ್ರಜ್ಞರನ್ನು ಕರೆಸಿದರು. ಸೆರ್ತಾವ್‌ನ ಡಕಾಯಿತರ ಕಥೆಯಾದ ಲಿಮಾ ಬಾರೆಟೊರ ‘ಓ ಕಾಂಗಸೇರೊ’ 1953ರಲ್ಲಿ ಕಾನ್‌ನಲ್ಲಿ ಉತ್ತಮ ಸಾಹಸಚಿತ್ರ ಎನಿಸಿಕೊಂಡು ಲೋಕವೆಲ್ಲ ಸುತ್ತಿತು. ಹೊರದೇಶದ ಗಳಿಕೆ ಹಂಚಿಕೆ ಹಕ್ಕು ಪಡೆದಿದ್ದ ಅಮೆರಿಕದ ಕಂಪನಿಯ ಪಾಲಾಯಿತು. ಮರುವರ್ಷವೇ ವೆರಾ ಕ್ರೂಸ್ ಮುಳುಗಿತು. ದೊಡ್ಡ ಸ್ಟುಡಿಯೊದ ದಾರಿ ತಮ್ಮದಲ್ಲ ಎಂಬ ಪಾಠವನ್ನು ಮುಂದಿನ ಪೀಳಿಗೆ ಅಲ್ಲಿಂದ ಕಲಿಯಿತು.

ಮೆಟ್ಟಿಲ ಮೇಲಿನ ಶಿಲುಬೆ

ಸಾಲ್ವಡಾರ್ ನಗರದ ಹಳೆಯ ಇಗರ್ಜಿಯೊಂದರ ಮುಂದೆ ಕಲ್ಲಿನ ಉದ್ದನೆ ಮೆಟ್ಟಿಲ ಸಾಲು. ಬೆಳಗಿನ ಜಾವ. ಹೆಗಲ ಮೇಲೆ ಆಳುದ್ದದ ಮರದ ಶಿಲುಬೆ ಹೊತ್ತ ರೈತನೊಬ್ಬ ಬಂದು ನಿಂತಿದ್ದಾನೆ; ಹಿಂದೆ ಕಾಲೆಳೆಯುತ್ತ ಬಂದ ಹೆಂಡತಿ. ಅವನ ಪ್ರೀತಿಯ ಕತ್ತೆ ಗಾಯಗೊಂಡಿತ್ತು. ಅದು ಬದುಕಿದರೆ ಶಿಲುಬೆ ಹೊತ್ತು ತಂದು ಸಂತ ಬಾರ್ಬರಾಳ ಇಗರ್ಜಿಗೆ ಒಪ್ಪಿಸುವೆನೆಂದು ಹರಕೆ ಹೊತ್ತಿದ್ದ. ಕತ್ತೆ ಬದುಕಿತು, ಅವನು ಬಂದ. ಆದರೆ ಹರಕೆ ಹೊತ್ತದ್ದು ಕಾಂದೊಂಬ್ಲೆಯ ಗುಡಿಯಲ್ಲಿ, ಇಯಾನ್ಸಾ ದೇವಿಯ ಮುಂದೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರು ಜೊತೆಗೆ ತಂದ ದೈವಗಳನ್ನು ಕ್ರೈಸ್ತ ಸಂತರ ಹೆಸರಿನಲ್ಲಿ ಉಳಿಸಿಕೊಂಡ ನಾಡು ಅದು. ರೈತನಿಗೆ ಇಬ್ಬರೂ ಒಬ್ಬಳೇ ತಾಯಿ. ಪಾದ್ರಿಗೆ ಅದು ಪಾಪ. ಬಾಗಿಲು ಮುಚ್ಚುತ್ತದೆ.

ಮುಚ್ಚಿದ ಬಾಗಿಲ ಮುಂದೆ ಇಡೀ ಊರು ನೆರೆಯುತ್ತದೆ. ಪತ್ರಕರ್ತ ಅವನನ್ನು ಕ್ರಾಂತಿಕಾರಿ ಮಾಡುತ್ತಾನೆ, ಕಪೊಯೇರಾ ಆಡುವವರು ಕುಣಿಯುತ್ತಾರೆ, ಪೊಲೀಸರು ಬರುತ್ತಾರೆ. ಕಡೆಗೆ ಗುಂಡಿಗೆ ಬಲಿಯಾದ ರೈತನ ದೇಹವನ್ನು ಅದೇ ಶಿಲುಬೆಯ ಮೇಲಿಟ್ಟು ಜನ ಒಳನುಗ್ಗುತ್ತಾರೆ. ಜಿಯಸ್ ಗೋಮೆಸ್ ಅವರ ನಾಟಕದಿಂದ ಅನ್ಸೆಲ್ಮೊ ಡುವಾರ್ಟೆ ಮಾಡಿದ ‘ಓ ಪಗಡೋರ್ ಜಿ ಪ್ರೊಮೆಸಸ್’ 1962ರಲ್ಲಿ ಕಾನ್‌ನ ಸ್ವರ್ಣ ತಾಳೆಗರಿ ಗೆದ್ದಿತು. ಮಣ್ಣಿನ ಭಕ್ತಿ ಒಂದು ಕಡೆ, ಅಧಿಕಾರದ ಧರ್ಮ ಇನ್ನೊಂದು ಕಡೆ: ಈ ತಿಕ್ಕಾಟ ಬ್ರೆಜಿಲ್ ಸಿನಿಮಾದ ದೊಡ್ಡ ವಸ್ತುಗಳಲ್ಲಿ ಒಂದು.

ಇನ್ನೊಂದು ದೊಡ್ಡ ವಸ್ತು ಫವೇಲಾ, ರಿಯೊದ ಗುಡ್ಡಗಳಿಗೆ ಅಂಟಿಕೊಂಡ ಬಡವರ ಕೇರಿ. ನೆಲ್ಸನ್ ತಮ್ಮ ಮೊದಲ ಕಥಾಚಿತ್ರ, 1955ರ ‘ರಿಯೊ, 40 ಗ್ರೌಸ್’ಗಾಗಿ ಅಲ್ಲಿಗೆ ಹತ್ತಿದ್ದರು. ಸುಡುವ ಭಾನುವಾರ ಐವರು ಕಪ್ಪು ಹುಡುಗರು ಕಡಲೆಕಾಯಿ ಮಾರಲು ಗುಡ್ಡದಿಂದ ಇಳಿಯುತ್ತಾರೆ. ಕೋಪಕಬಾನಾದ ಮರಳು, ಸಕ್ಕರೆಗುಡ್ಡ, ಮರಕಾನಾ ಕ್ರೀಡಾಂಗಣ ಎಲ್ಲ ಅವರ ಕಣ್ಣಿನಿಂದ ಕಾಣುತ್ತವೆ. ಪೊಲೀಸ್ ಮುಖ್ಯಸ್ಥರು ಚಿತ್ರವನ್ನು ನಿಷೇಧಿಸಿದರು. ರಿಯೊದಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದೇ ಇಲ್ಲ ಎಂಬುದೂ ಅವರು ಕೊಟ್ಟ ಕಾರಣಗಳಲ್ಲಿ ಒಂದು. ಲೇಖಕರು, ಪತ್ರಕರ್ತರು ದನಿಯೆತ್ತಿದ ಮೇಲೆ ನಿಷೇಧ ತೆರವಾಯಿತು.

ಕೈಯಲ್ಲಿ ಕ್ಯಾಮೆರಾ

ಬಹಿಯಾ ರಾಜ್ಯದ ಮೊಂಚಿ ಸಾಂತೊ. ಗುಡ್ಡದ ನೆತ್ತಿಯ ತನಕ ಕಲ್ಲುದಾರಿ, ದಾರಿಯುದ್ದಕ್ಕೂ ಪುಟ್ಟ ಪುಟ್ಟ ಪ್ರಾರ್ಥನಾ ಗುಡಿಗಳು. ಮಾನುಯೆಲ್ ಎಂಬ ದನಗಾಹಿ ತಲೆಯ ಮೇಲೆ ದೊಡ್ಡ ಬಂಡೆ ಹೊತ್ತು ಮೊಣಕಾಲಿನಲ್ಲಿ ಆ ದಾರಿ ಹತ್ತುತ್ತಿದ್ದಾನೆ. ದನದ ಲೆಕ್ಕದಲ್ಲಿ ಮೋಸ ಮಾಡಿದ ಧಣಿಯನ್ನು ಕೊಂದು, ಪಾಪ ಕಳೆಯಲು ಸೆಬಾಸ್ಟಿಯಾವ್ ಎಂಬ ಕಪ್ಪು ಸಂತನ ಬೆನ್ನು ಹತ್ತಿದವನು. ಕ್ಯಾಮೆರಾ ಅವನ ಬೆನ್ನಿಗೇ ತೆವಳುತ್ತದೆ, ಏದುಸಿರು ಬಿಡುತ್ತದೆ. ಇಗರ್ಜಿಯೂ ಧಣಿಗಳೂ ಸೇರಿ ಬಾಡಿಗೆಗೆ ಹಿಡಿದ ಅಂತೋನಿಯೊ ದಾಸ್ ಮೋರ್ಚಿಸ್ ಉದ್ದನೆ ಕೋಟು ತೊಟ್ಟು ಬಂದು ಭಕ್ತರನ್ನು ಗುಂಡಿಕ್ಕಿ ಮಲಗಿಸುತ್ತಾನೆ. ಮಾನುಯೆಲ್ ಆಮೇಲೆ ಕೊರಿಸ್ಕೊ ಎಂಬ ಡಕಾಯಿತನ ಬಳಿ ಸೇರುತ್ತಾನೆ. ಅವನನ್ನೂ ಅಂತೋನಿಯೊ ಕೊಲ್ಲುತ್ತಾನೆ. ದೇವರೂ ಕೈಬಿಟ್ಟ, ದೆವ್ವವೂ ಕೈಬಿಟ್ಟಿತು, ಮಾನುಯೆಲ್ ಓಡುತ್ತಾನೆ. ವಿಲ್ಲಾ-ಲೋಬೋಸ್ ಅವರ ಸಂಗೀತದ ಅಲೆಗಳ ನಡುವೆ ಆ ಓಟ ನಿಲ್ಲುವುದಿಲ್ಲ, ಕೊನೆಗೆ ತೆರೆಯ ತುಂಬ ಕಡಲು ಉಕ್ಕುತ್ತದೆ. ಬರಡು ನೆಲ ಕಡಲಾಗುತ್ತದೆಂಬ ಸೆರ್ತಾವ್‌ನ ಹಳೆಯ ಭವಿಷ್ಯವಾಣಿಗೆ ಸಿಕ್ಕ ರೂಪ ಅದು.

‘ದೇಯುಸ್ ಇ ಓ ಜಿಯಾಬೊ ನಾ ತೆಹಾ ದೊ ಸೋಲ್’ ಎಂಬ ಈ ಚಿತ್ರ 1964ರಲ್ಲಿ ಹೊರಬಂದಾಗ ನಿರ್ದೇಶಕ ಗ್ಲೌಬರ್ ರೋಶಾಗೆ ಇಪ್ಪತ್ತೈದು ವರ್ಷ. ಕೈಯಲ್ಲೊಂದು ಕ್ಯಾಮೆರಾ, ತಲೆಯಲ್ಲೊಂದು ವಿಚಾರ ಇಷ್ಟಿದ್ದರೆ ಸಾಕೆಂಬುದು ಅವರ ಬಳಗದ ಘೋಷಣೆ. ಆ ಬಳಗವೇ ಸಿನೆಮಾ ನೋವೊ. ನೆಲ್ಸನ್, ರೂಯ್ ಗೆಹಾ, ಜೊವಾಕಿಂ ಪೆದ್ರೊ ಜಿ ಆಂದ್ರಾಜಿ, ಕಾರ್ಲೋಸ್ ದಿಯೇಗ್ಸ್ ಅದರ ಮುಂಚೂಣಿಯ ಹೆಸರುಗಳು. 1965ರಲ್ಲಿ ಇಟಲಿಯ ಜಿನೋವಾದಲ್ಲಿ ರೋಶಾ ಮಂಡಿಸಿದ ‘ಹಸಿವಿನ ಸೌಂದರ್ಯಶಾಸ್ತ್ರ’ ಈ ಪಂಥದ ಪ್ರಣಾಳಿಕೆಯಾಯಿತು. ಲ್ಯಾಟಿನ್ ಅಮೆರಿಕದ ಹಸಿವನ್ನು ಯುರೋಪಿನವರು ವಿಲಕ್ಷಣ ದೃಶ್ಯವಾಗಿ ಸವಿಯುತ್ತಾರೆ. ನಮಗೆ ಅದು ನಮ್ಮದೇ ಸಮಾಜದ ನರ. ಆ ಹಸಿವಿನ ಸಹಜ ಮಾತು ಹಿಂಸೆ ಎಂಬುದು ಅದರ ತಿರುಳು. ದುಡ್ಡಿಲ್ಲ, ದೀಪಗಳಿಲ್ಲ, ಸ್ಟುಡಿಯೊ ಇಲ್ಲ ಎಂದು ಅವರು ಕೊರಗಲಿಲ್ಲ. ಅಲುಗುವ ಕ್ಯಾಮೆರಾ, ಹದಗೊಳಿಸದ ಬಿಸಿಲು, ಒರಟು ಕತ್ತರಿಕೆ ಎಲ್ಲವೂ ಹೇಳಬೇಕಾದ ಮಾತಿನ ಭಾಗವೇ ಆದವು. ಕೊರತೆಯನ್ನು ಶೈಲಿಯಾಗಿಸಿದ ಆ ಧೈರ್ಯ ಜಗತ್ತಿನ ಬಡ ದೇಶಗಳ ಚಿತ್ರಕಾರರಿಗೆಲ್ಲ ದಾರಿ ತೋರಿತು.

ಒಂದು ನೋವು ಮಾತ್ರ ಉಳಿಯಿತು. ಯಾರ ಹಸಿವಿನ ಬಗ್ಗೆ ಚಿತ್ರ ಮಾಡಿದರೋ ಆ ಜನ ಬಹುಪಾಲು ಅದನ್ನು ನೋಡಲಿಲ್ಲ. ಅವರಿಗೆ ಆಸ್ಕರಿಟೊನ ನಗೆಯೇ ಹತ್ತಿರವಾಗಿತ್ತು. ಈ ಅಂತರ ದಾಟುವ ಹಂಬಲ ಮುಂದಿನ ದಶಕಗಳ ಬ್ರೆಜಿಲ್ ಸಿನಿಮಾದುದ್ದಕ್ಕೂ ಹರಿದಿದೆ.

ಬೂಟುಗಳ ಸದ್ದು

1964ರ ಏಪ್ರಿಲ್ ಮೊದಲ ದಿನ ಸೈನ್ಯ ಅಧಿಕಾರ ಹಿಡಿಯಿತು. 1985ರ ತನಕ ಬಿಡಲಿಲ್ಲ. 1968ರ ಡಿಸೆಂಬರ್ 13ರಂದು ಸೈನಿಕ ಸರ್ಕಾರ ಹೊರಡಿಸಿದ ಐದನೇ ಶಾಸನದ ನಂತರ ಸಂಸತ್ತು ಮುಚ್ಚಿತು, ಬಂಧನಕ್ಕೆ ಕಾರಣ ಬೇಕಿಲ್ಲವಾಯಿತು, ಸೆನ್ಸಾರ್ ಕತ್ತರಿ ಹರಿತವಾಯಿತು. ರೋಶಾ, ದಿಯೇಗ್ಸ್ ದೇಶ ಬಿಟ್ಟರು.

ಇದ್ದವರು ಒಗಟಿನಲ್ಲಿ ಮಾತಾಡಿದರು. ಜೊವಾಕಿಂ ಪೆದ್ರೊ 1969ರಲ್ಲಿ ‘ಮಕುನಾಯಿಮಾ’ ಮಾಡಿದರು. ಕಾಡಿನ ಗುಡಿಸಲಿನಲ್ಲಿ ಮುದುಕಿಯೊಬ್ಬಳು ನಿಂತಲ್ಲೇ ಹೆರುತ್ತಾಳೆ. ನೆಲಕ್ಕೆ ಬೀಳುವ ಕೂಸು ಐವತ್ತು ದಾಟಿದ ಗ್ರಾಂಜಿ ಒಟೆಲೊ! ಶಾಂಶಾಡಾದ ನಗೆಗಾರ ಸಿನೆಮಾ ನೋವೊದ ನಾಯಕನಾದ. ಜನ ಮಂದಿರಕ್ಕೆ ಬಂದರು. ಮನುಷ್ಯ ಮನುಷ್ಯನನ್ನು ತಿನ್ನುವ ದೇಶದ ಚಿತ್ರ ಅದು. ಹೊರಗಿನದನ್ನೆಲ್ಲ ನುಂಗಿ ಅರಗಿಸಿ ನಮ್ಮದು ಮಾಡಿಕೊಳ್ಳೋಣವೆಂದು ಕವಿ ಓಸ್ವಾಲ್ಡ್ ಜಿ ಆಂದ್ರಾಜಿ 1928ರಲ್ಲಿ ಬರೆದ ‘ನರಭಕ್ಷಕ ಪ್ರಣಾಳಿಕೆ’ ಈ ಕಾಲದ ಸಿನಿಮಾಕ್ಕೆ ಹೊಸ ಉಸಿರು ಕೊಟ್ಟಿತು. ಯುರೋಪಿನವನನ್ನು ಕಾಡಿನ ಜನ ಸಾಕಿ ಸಲಹಿ ಕೊನೆಗೆ ತಿಂದುಬಿಡುವ ಕಥೆಯನ್ನು ನೆಲ್ಸನ್ 1971ರಲ್ಲಿ ತೆರೆಗೆ ತಂದರು.

ಸಾವೊ ಪೌಲೊದ ಲುಜ್ ರೈಲು ನಿಲ್ದಾಣದ ಬಳಿಯ ಟ್ರಿಯುಂಫೊ ಬೀದಿ ಇನ್ನೊಂದು ಲೋಕ. ಹಂಚಿಕೆದಾರರ ಕಚೇರಿಗಳು, ಅಗ್ಗದ ಬಾರುಗಳು, ವೇಶ್ಯೆಯರು, ಕೆಲಸಕ್ಕಾಗಿ ಕಾದು ನಿಂತ ಲೈಟ್‌ಬಾಯ್‌ಗಳು. ಬೋಕಾ ದೊ ಲಿಶೊ ಎಂದು ಹೆಸರಾದ ಆ ಕೇರಿಯಿಂದಲೇ ರೊಜೆರಿಯೊ ಸ್ಗಂಜೆರ್ಲಾ ಇಪ್ಪತ್ತೆರಡನೇ ವಯಸ್ಸಿನಲ್ಲಿ, 1968ರಲ್ಲಿ, ‘ಓ ಬಂಜಿಡೊ ದ ಲುಜ್ ವೆರ್ಮೆಲ್ಯಾ’ ತಂದರು. ರೇಡಿಯೊ ಉದ್ಘೋಷಕರ ಅರಚಾಟ, ಓಡುವ ನಿಯಾನ್ ಸುದ್ದಿ, ತಾನು ಯಾರೆಂದು ತನಗೇ ತಿಳಿಯದ ಕಳ್ಳ. ಕೈಚೆಲ್ಲಿದ ಪೀಳಿಗೆಯೊಂದರ ಕೂಗು ಅದು; ವಿಮರ್ಶಕರು ಅದನ್ನು ಅಂಚಿನ ಸಿನಿಮಾ ಎಂದರು. ಅದೇ ನಗರದಲ್ಲಿ ಕಪ್ಪು ನಿಲುವಂಗಿ, ಎತ್ತರದ ಟೊಪ್ಪಿ, ಗೇಣುದ್ದದ ಉಗುರು ಬೆಳೆಸಿದ ಜೊಸೆ ಮೊಜಿಕಾ ಮರೀನ್ಸ್ 1964ರಿಂದಲೇ ಜೆ ದೊ ಕೈಶಾವ್ ಎಂಬ ಹೆಣದ ಪೆಟ್ಟಿಗೆಯವನಾಗಿ ಭಯದ ಚಿತ್ರಗಳನ್ನು ಕಟ್ಟುತ್ತಿದ್ದರು.

ಚಿತ್ರಗಳನ್ನು ಕತ್ತರಿಸುತ್ತಿದ್ದ ಅದೇ ಸರ್ಕಾರ 1969ರಲ್ಲಿ ಎಂಬ್ರಾಫಿಲ್ಮೆ ಸಂಸ್ಥೆ ತೆರೆದು ಚಿತ್ರಗಳಿಗೆ ಹಣವನ್ನೂ ಕೊಟ್ಟಿತು. ಸೋನಿಯಾ ಬ್ರಾಗಾ ನಟಿಸಿದ, ಬ್ರೂನೊ ಬಾರೆಟೊರ ‘ದೋನಾ ಫ್ಲೋರ್’ 1976ರಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಸೆಳೆಯಿತು. ಆ ದಾಖಲೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಿಂತಿತು. ಬೋಕಾದ ಬೀದಿಯಲ್ಲಿ ಹಸಿಬಿಸಿ ಹಾಸ್ಯದ ಪೋರ್ನೊಶಾಂಶಾಡಾಗಳು ಹುಟ್ಟಿ ಮಂದಿರಗಳನ್ನು ತುಂಬಿದವು.

ಹದಿನೇಳು ವರ್ಷದ ಬಳಿಕ

ಪೆರ್ನಂಬೂಕೊ ರಾಜ್ಯದ ಗಲಿಲೇಯಾ ಎಂಬ ಕಬ್ಬಿನ ತೋಟದ ಊರು, 1981. ರಾತ್ರಿ ಬಯಲಿನಲ್ಲಿ ಪರದೆ ಕಟ್ಟಿದ್ದಾರೆ, 16 ಎಂಎಂ ಪ್ರೊಜೆಕ್ಟರ್ ಗುರುಗುಡುತ್ತಿದೆ. ಬೆಂಚುಗಳ ಮೇಲೆ ನರೆತ ತಲೆಯ ರೈತರು, ಅವರ ಮಕ್ಕಳು, ಮೊಮ್ಮಕ್ಕಳು. ಪರದೆಯ ಮೇಲೆ ಅವರೇ ಇದ್ದಾರೆ, ಹದಿನೇಳು ವರ್ಷ ಚಿಕ್ಕವರಾಗಿ. ಒಬ್ಬರನ್ನೊಬ್ಬರು ತೋರಿಸಿಕೊಂಡು ನಗುತ್ತಾರೆ. ಸತ್ತವರ ಮುಖ ಬಂದಾಗ ಸುಮ್ಮನಾಗುತ್ತಾರೆ.

ಪರೈಬಾ ರಾಜ್ಯದ ಸಪೆಯಲ್ಲಿ ರೈತ ಸಂಘ ಕಟ್ಟಿದ ಜೊವಾವ್ ಪೆದ್ರೊ ಟೆಯ್ಶೇರಾನನ್ನು ಭೂಮಾಲೀಕರು 1962ರಲ್ಲಿ ಕೊಲ್ಲಿಸಿದ್ದರು. ಆ ಕಥೆಯನ್ನು ಎಡ್ವಾರ್ಡೊ ಕೌಟಿನ್ಯೊ 1964ರ ಆರಂಭದಲ್ಲಿ ಚಿತ್ರಿಸತೊಡಗಿದರು. ರೈತರೇ ನಟರು, ಜೊವಾವ್‌ನ ವಿಧವೆ ಎಲಿಜಬೆತ್ ತಾನಾಗಿಯೇ ನಟಿಸುತ್ತಿದ್ದಳು. ಏಪ್ರಿಲ್ ಮೊದಲ ದಿನ ಸೈನಿಕರು ಬಂದರು. ಕ್ಯಾಮೆರಾ ಕಿತ್ತುಕೊಂಡರು, ಹಲವರನ್ನು ಹಿಡಿದರು, ಉಳಿದವರು ಕಬ್ಬಿನ ಗದ್ದೆ ಸೇರಿದರು. ಚಿತ್ರೀಕರಿಸಿದ ನೆಗೆಟಿವ್‌ನಲ್ಲಿ ಬಹುಪಾಲು ಅಷ್ಟರಲ್ಲಿ ರಿಯೊದ ಲ್ಯಾಬ್ ತಲುಪಿದ್ದರಿಂದ ಉಳಿದುಕೊಂಡಿತು.

ಕೌಟಿನ್ಯೊ ಮರಳಿ ಬಂದಾಗ ಎಲಿಜಬೆತ್ ಎಲ್ಲಿದ್ದಾಳೆಂದು ಗೊತ್ತಿದ್ದದ್ದು ಒಬ್ಬ ಮಗನಿಗೆ ಮಾತ್ರ. ರಿಯೊ ಗ್ರಾಂಜಿ ದೊ ನಾರ್ಚಿಯ ಸಣ್ಣ ಊರೊಂದರಲ್ಲಿ ಮಾರ್ತಾ ಎಂಬ ಹೆಸರಿಟ್ಟುಕೊಂಡು, ಬಟ್ಟೆ ಒಗೆದು, ಮಕ್ಕಳಿಗೆ ಅಕ್ಷರ ಕಲಿಸಿ ಬದುಕಿದ್ದಳು. ಜೊತೆಗಿದ್ದ ಒಬ್ಬ ಮಗನ ಹೊರತು ಉಳಿದ ಮಕ್ಕಳು ದಿಕ್ಕಿಗೊಬ್ಬರಂತೆ ಚೆದುರಿದ್ದರು. ಕ್ಯಾಮೆರಾದ ಮುಂದೆ ಅವಳು ತನ್ನ ನಿಜ ಹೆಸರಿಗೆ ಮರಳುತ್ತಾಳೆ. ಮೊದಲ ದಿನ ಅಳೆದು ತೂಗಿ ಮಾತು. ತಂಡ ಹೊರಟು ಕಾರಿನ ಬಳಿ ನಿಂತಾಗ ಮಾತ್ರ ಕಟ್ಟೆಯೊಡೆದು, ಹಸಿವು ಇರುವ ತನಕ ಹೋರಾಟ ನಿಲ್ಲುವುದಿಲ್ಲವೆಂದು ಗಟ್ಟಿ ದನಿಯಲ್ಲಿ ಹೇಳುತ್ತಾಳೆ. ಕೌಟಿನ್ಯೊ ಆಮೇಲೆ ಅವಳ ಮಕ್ಕಳನ್ನೂ ಒಬ್ಬೊಬ್ಬರಾಗಿ ಹುಡುಕುತ್ತಾರೆ. 1984ರಲ್ಲಿ ಮುಗಿದ ‘ಕಾಬ್ರಾ ಮರ್ಕಾಡೊ ಪಾರಾ ಮೊಹೇರ್’ ನನ್ನ ಮಟ್ಟಿಗೆ ಬ್ರೆಜಿಲ್ ಸಿನಿಮಾದ ಶಿಖರ. ಮುರಿದ ಚಿತ್ರವನ್ನು ಮುಗಿಸುತ್ತಲೇ ಅದು ಮುರಿದ ಕುಟುಂಬವನ್ನೂ ಮುರಿದ ದೇಶದ ನೆನಪನ್ನೂ ಹೊಲಿಯಿತು.

ಚಿತ್ರದಲ್ಲಿ ಕಂಡವರ ಬಿಂಬವನ್ನು ಅವರ ಕೈಗೇ ಒಪ್ಪಿಸುವ ಈ ಕೆಲಸ ಕಾಡಿನಲ್ಲೂ ನಡೆಯಿತು. ವಿನ್ಸೆಂಟ್ ಕರೆಲ್ಲಿ 1986ರಲ್ಲಿ ಶುರುಮಾಡಿದ ‘ವೀಡಿಯೊ ನಾಸ್ ಆಲ್ಡೇಯಾಸ್’ ಎಂಬ ಯೋಜನೆ ನಂಬಿಕ್ವಾರಾ ಜನರ ಆಚರಣೆಯನ್ನು ಚಿತ್ರಿಸಿ ಅಲ್ಲೇ ಅವರಿಗೆ ತೋರಿಸಿತು. ಕ್ರಮೇಣ ಮೂಲನಿವಾಸಿಗಳು ತಾವೇ ಕ್ಯಾಮೆರಾ ಹಿಡಿದರು.

ಕಾಗದ ಬರೆಯುವವಳು, ಕೋಳಿ ಹಿಡಿಯುವವರು

1990ರಲ್ಲಿ ಅಧ್ಯಕ್ಷ ಕಾಲೊರ್ ಎಂಬ್ರಾಫಿಲ್ಮೆಯ ಬಾಗಿಲು ಹಾಕಿಸಿದರು. ಚಿತ್ರ ತಯಾರಿಕೆ ನಿಂತೇಹೋಯಿತೆನ್ನುವ ಸ್ಥಿತಿ. 1993ರ ಆಡಿಯೊವಿಶುವಲ್ ಕಾನೂನು ಕಂಪನಿಗಳು ತೆರಿಗೆ ಹಣವನ್ನು ಸಿನಿಮಾಕ್ಕೆ ತೊಡಗಿಸುವ ದಾರಿ ತೆರೆಯಿತು. ಕಾರ್ಲಾ ಕಮುರಾಚಿಯವರ ‘ಕಾರ್ಲೋಟಾ ಜೊವಾಕಿನಾ’ 1995ರಲ್ಲಿ ಗೆದ್ದಾಗ ಹೆಟೊಮಾಡಾ, ಅಂದರೆ ಮತ್ತೆ ಕೈಗೆತ್ತಿಕೊಳ್ಳುವ ಕಾಲ, ಶುರುವಾಯಿತು.

ರಿಯೊದ ಕೇಂದ್ರ ರೈಲು ನಿಲ್ದಾಣದ ನೂಕುನುಗ್ಗಲಿನಲ್ಲಿ ಒಂದು ಪುಟ್ಟ ಮೇಜು. ನಿವೃತ್ತ ಶಿಕ್ಷಕಿ ದೋರಾ ಓದುಬರಹ ಬಾರದವರ ಕಾಗದ ಬರೆಯುತ್ತಾಳೆ. ಒಂದೊಂದೇ ಮುಖ ಬಂದು ಮಗನಿಗೆ, ಪ್ರಿಯತಮೆಗೆ, ಬಿಟ್ಟುಹೋದ ಗಂಡನಿಗೆ ಹೇಳಬೇಕಾದದ್ದನ್ನು ಹೇಳುತ್ತದೆ. ಚಿತ್ರೀಕರಣಕ್ಕೆಂದು ಇಟ್ಟ ಮೇಜಿನ ಬಳಿ ನಿಜವಾದ ಪ್ರಯಾಣಿಕರೇ ಬಂದು ನಿಜವಾದ ಕಾಗದಗಳನ್ನು ಹೇಳಿ ಬರೆಸಿದರು. ದೋರಾ ಅವನ್ನು ಅಂಚೆಗೆ ಹಾಕುವುದಿಲ್ಲ. ಮನೆಗೊಯ್ದು ಹರಿಯುತ್ತಾಳೆ ಇಲ್ಲವೇ ಡ್ರಾಯರಿನಲ್ಲಿ ತುರುಕುತ್ತಾಳೆ. ತಾಯಿ ಸತ್ತ ಜೊಸುಯೆ ಎಂಬ ಹುಡುಗನ ಜೊತೆ ಅವನ ತಂದೆಯನ್ನು ಹುಡುಕಿ ಬಸ್ಸು, ಲಾರಿ ಹತ್ತಿ ಅವಳು ಹೋಗುವುದೆಲ್ಲಿಗೆ? ಮತ್ತೆ ಆ ಸೆರ್ತಾವ್‌ಗೆ, ಮೇಣದ ಬತ್ತಿ ಹಿಡಿದ ಯಾತ್ರಿಕರ ನಡುವೆ. ಅಂದು ಫಬಿಯಾನೊ ಗುಳೆ ಹೊರಟ ದಾರಿಯಲ್ಲಿ ಈ ಸಲ ಸಿನಿಮಾ ಹಿಂದಿರುಗಿ ನಡೆಯಿತು. ವಾಲ್ಟರ್ ಸಾಲೆಸ್‌ರ ‘ಸೆಂಟ್ರಲ್ ದೊ ಬ್ರಾಜಿಲ್’ 1998ರಲ್ಲಿ ಬರ್ಲಿನ್‌ನ ಸ್ವರ್ಣ ಕರಡಿ ಪಡೆಯಿತು. ದೋರಾ ಆದ ಫೆರ್ನಾಂಡಾ ಮೊಂಟೆನೆಗ್ರೊ ಆಸ್ಕರ್ ನಾಮನಿರ್ದೇಶನ ಪಡೆದರು.

2002ರಲ್ಲಿ ಬಂದ ‘ಸಿಡಾಜಿ ಜಿ ದೇಯುಸ್’ ತೆರೆಯುವುದೇ ಚಾಕು ಮಸೆಯುವ ಸದ್ದಿನಿಂದ. ಸಾಂಬಾ ತಾಳ, ಒಲೆಯ ಹೊಗೆ, ಕಟ್ಟು ಬಿಚ್ಚಿಕೊಂಡು ಓಡುವ ಕೋಳಿ, ಅದರ ಹಿಂದೆ ಪಿಸ್ತೂಲು ಹಿಡಿದ ಹುಡುಗರ ಹಿಂಡು. ಒಂದು ತುದಿಯಲ್ಲಿ ಗ್ಯಾಂಗು, ಇನ್ನೊಂದು ತುದಿಯಲ್ಲಿ ಪೊಲೀಸರು, ನಡುವೆ ಕ್ಯಾಮೆರಾ ಹಿಡಿದ ಬುಸ್ಕಪೆ. ಪೌಲೊ ಲಿನ್ಸ್ ತಾವು ಬೆಳೆದ ಕೇರಿಯ ಬಗ್ಗೆ ಬರೆದ ಕಾದಂಬರಿಯನ್ನು ಫೆರ್ನಾಂಡೊ ಮೆಯ್ರೆಲ್ಲೆಸ್ ಮತ್ತು ಕಾಚಿಯಾ ಲುಂಜ್ ಫವೇಲಾದ ಹುಡುಗರನ್ನೇ ತರಬೇತುಗೊಳಿಸಿ ಚಿತ್ರಿಸಿದರು. ಜಗತ್ತು ಬೆರಗಾಯಿತು. ಹಸಿವಿನ ಸೌಂದರ್ಯಶಾಸ್ತ್ರ ಹೋಗಿ ಹಸಿವಿನ ಶೃಂಗಾರ ಬಂತೇ ಎಂದು ವಿಮರ್ಶಕಿ ಇವಾನಾ ಬೆಂಚಿಸ್ ಕೇಳಿದರು. ಆ ಪ್ರಶ್ನೆಗೆ ಬೆಲೆಯಿದೆ. ಬಡ ಮಕ್ಕಳನ್ನು ತೆರೆಗೆ ತರುವ ಹೊಣೆ ಚಿಕ್ಕದಲ್ಲ: ನಿರ್ದೇಶಕ ಬಾಬೆಂಕೊರ 1981ರ ‘ಪಿಶೊಚಿ’ಯಲ್ಲಿ ಬೀದಿ ಹುಡುಗನಾಗಿ ನಟಿಸಿದ ಫೆರ್ನಾಂಡೊ ರಾಮೋಸ್ ದ ಸಿಲ್ವಾ ಮರಳಿ ಬಡತನಕ್ಕೇ ಬಿದ್ದು, 1987ರಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ಪೊಲೀಸರ ಗುಂಡಿಗೆ ಸತ್ತ.

ಮನೆಯೊಳಗಿನ ಗೋಡೆ

ಸಾವೊ ಪೌಲೊದ ಸಿರಿವಂತರ ಮನೆ. ಅಡುಗೆಕೋಣೆಯ ಬಾಗಿಲಲ್ಲಿ ಕ್ಯಾಮೆರಾ ನಿಂತಿದೆ. ಊಟದ ಕೋಣೆಯ ಒಂದು ಚೂರಷ್ಟೇ ಕಾಣುತ್ತದೆ, ಮನೆಗೆಲಸದ ವಾಲ್‌ಗೆ ಕಾಣುವಷ್ಟೇ. ಈಶಾನ್ಯದಿಂದ ಬಂದ ಅವಳು ಧಣಿಯ ಮಗನನ್ನು ಸಾಕಿದ್ದಾಳೆ. ತನ್ನ ಮಗಳನ್ನು ದೂರದ ಊರಿನಲ್ಲಿ ಬಿಟ್ಟಿದ್ದಾಳೆ. ಆ ಮಗಳು ಕಾಲೇಜು ಪರೀಕ್ಷೆಗೆಂದು ಬಂದು, ಕೂರಬಾರದ ಮೇಜಿಗೆ ಕೂತು, ಇಳಿಯಬಾರದ ಈಜುಕೊಳಕ್ಕೆ ಇಳಿಯುತ್ತಾಳೆ. ಕೊಳದ ನೀರು ಖಾಲಿ ಮಾಡಿಸುತ್ತಾರೆ. ಒಂದು ರಾತ್ರಿ ತಳದಲ್ಲಿ ಉಳಿದ ನೀರಿಗೆ ವಾಲ್ ತಾನೂ ಇಳಿದು, ನಗುತ್ತ ಮಗಳಿಗೆ ಫೋನ್ ಮಾಡುತ್ತಾಳೆ. ಅನ್ನಾ ಮುಯ್ಲಾರ್ಟ್ 2015ರಲ್ಲಿ ಮಾಡಿದ ಈ ಚಿತ್ರದಲ್ಲಿ ಗುಲಾಮಗಿರಿಯ ಇಡೀ ಚರಿತ್ರೆ ಮೊಣಕಾಲುದ್ದದ ಆ ನೀರಿನಲ್ಲಿದೆ.

ಹೆಸಿಫೆ ನಗರದ ಕ್ಲೆಬೆರ್ ಮೆಂಡೊನ್ಸಾ ಫಿಲ್ಯೊ ಈ ಗೋಡೆಗಳ ಸದ್ದನ್ನೇ ಹಿಡಿದರು. ಅವರ 2012ರ ‘ಓ ಸೋಮ್ ಆವ್ ಹೆಡೋರ್’ನಲ್ಲಿ ಬೊಗಳುವ ನಾಯಿ, ವಾಷಿಂಗ್ ಮೆಷಿನ್, ಕಾವಲುಗಾರರ ಹೆಜ್ಜೆ ಎಲ್ಲದರಲ್ಲೂ ಭಯ ಅಡಗಿದೆ, ಬೀದಿಯ ಅಪಾರ್ಟ್‌ಮೆಂಟುಗಳ ಒಡೆಯ ಹಳೆಯ ಕಬ್ಬಿನ ತೋಟದ ಧಣಿಯೇ. ಜುಲಿಯಾನೊ ಡೊರ್ನೆಲ್ಲೆಸ್ ಜೊತೆ ಮಾಡಿ 2019ರಲ್ಲಿ ಕಾನ್‌ನ ತೀರ್ಪುಗಾರರ ಪ್ರಶಸ್ತಿ ಪಡೆದ ‘ಬಕುರೌ’ನಲ್ಲಿ ಸೆರ್ತಾವ್‌ನ ಹಳ್ಳಿಯೊಂದು ನಕ್ಷೆಯಿಂದ ಮಾಯವಾಗುತ್ತದೆ; ಬೇಟೆಯಾಡಲು ಬಂದ ವಿದೇಶಿಯರನ್ನು ಹಳ್ಳಿಗರು ಊರ ವಸ್ತುಸಂಗ್ರಹಾಲಯದ ಹಳೆಯ ಬಂದೂಕು ಹಿಡಿದು ಎದುರಿಸುತ್ತಾರೆ. ಹೆಸಿಫೆಯ ಮುಚ್ಚಿದ ಚಿತ್ರಮಂದಿರಗಳಿಗೆ ಅವರು 2023ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ಅರ್ಪಿಸಿದರು. 1977ರ ಹೆಸಿಫೆಯ ಕಥೆಯಾದ ‘ಓ ಅಜೆಂಚಿ ಸೆಕ್ರೆಟೊ’ 2025ರಲ್ಲಿ ಕಾನ್‌ನಲ್ಲಿ ಅವರಿಗೆ ಉತ್ತಮ ನಿರ್ದೇಶಕ, ವಾಗ್ನೆರ್ ಮೌರಾಗೆ ಉತ್ತಮ ನಟ ಪ್ರಶಸ್ತಿ ತಂದಿತು.

ಮರೆವಿನ ವಿರುದ್ಧ

ರಿಯೊದ ಲೆಬ್ಲಾನ್ ಕಡಲತೀರ, 1970ರ ಕೊನೆ. ನೀರ ಮೇಲೆ ಅಂಗಾತ ತೇಲುತ್ತಿರುವ ಹೆಂಗಸಿನ ತಲೆಯ ಮೇಲೆ ಸೈನ್ಯದ ಹೆಲಿಕಾಪ್ಟರ್ ಹಾದುಹೋಗುತ್ತದೆ. ಮಕ್ಕಳು, ಹಾಡು, ತೆರೆದ ಬಾಗಿಲ ಮನೆ. 1971ರ ಜನವರಿಯಲ್ಲಿ ಮಾಜಿ ಸಂಸದ ರೂಬೆನ್ಸ್ ಪೈವಾರನ್ನು ಆ ಮನೆಯಿಂದ ಕರೆದೊಯ್ದರು, ಅವರು ಮರಳಲಿಲ್ಲ. ಪರದೆಗಳು ಮುಚ್ಚಿಕೊಳ್ಳುತ್ತವೆ, ಬೆಳಕು ಇಳಿಯುತ್ತದೆ. ಪತ್ರಿಕೆಯ ಫೋಟೊಕ್ಕೆ ದುಃಖದ ಮುಖ ಮಾಡಿರೆಂದಾಗ ಪತ್ನಿ ಯುನಿಸಿ ಮಕ್ಕಳಿಗೆ ನಗಲು ಹೇಳುತ್ತಾಳೆ. ಗಂಡನ ಮರಣಪತ್ರ ಕೈಗೆ ಸಿಗುವುದಕ್ಕೆ ಅವರು 1996ರ ತನಕ ಹೋರಾಡಬೇಕಾಯಿತು.

ವಾಲ್ಟರ್ ಸಾಲೆಸ್‌ರ ‘ಐಂಡಾ ಎಸ್ಟೌ ಅಕಿ’ಯಲ್ಲಿ ಯುನಿಸಿಯಾಗಿ ಫೆರ್ನಾಂಡಾ ಟೊಹೆಸ್ ನಟಿಸಿದರೆ, ವೃದ್ಧೆ ಯುನಿಸಿಯಾಗಿ ಅವರ ತಾಯಿ ಫೆರ್ನಾಂಡಾ ಮೊಂಟೆನೆಗ್ರೊ ಬರುತ್ತಾರೆ. ಐವತ್ತು ಲಕ್ಷಕ್ಕೂ ಹೆಚ್ಚು ಬ್ರೆಜಿಲಿಯನ್ನರು ಮಂದಿರಕ್ಕೆ ಬಂದು ಅದನ್ನು ನೋಡಿದರು. 2025ರ ಮಾರ್ಚ್ 2ರ ರಾತ್ರಿ, ಬೀದಿಗಳಲ್ಲಿ ಕಾರ್ನಿವಲ್ ಕುಣಿಯುತ್ತಿದ್ದ ಹೊತ್ತಿನಲ್ಲಿ, ಅದು ಬ್ರೆಜಿಲ್‌ಗೆ ಮೊತ್ತಮೊದಲ ಆಸ್ಕರ್ ತಂದಿತು. ಸಿನೆಮಾ ನೋವೊ ಕನಸಿದ್ದು ಇದನ್ನೇ: ದೇಶದ ಗಾಯ ತೆರೆಯ ಮೇಲೆ, ದೇಶದ ಜನ ತೆರೆಯ ಮುಂದೆ. ಅದೇ ವರ್ಷದ ಜನವರಿಯಲ್ಲಿ ಪೈವಾರ ಮರಣಪತ್ರವನ್ನೂ ತಿದ್ದಿ, ಅದು ಸರ್ಕಾರವೇ ಎಸಗಿದ ಹಿಂಸೆಯ ಸಾವು ಎಂದು ಬರೆದುಕೊಟ್ಟರು.

ಹಳೆಯ ಕಸಾಯಿಖಾನೆಯ ಕಟ್ಟಡದಲ್ಲಿ ನೆಲೆಸಿರುವ ಸಾವೊ ಪೌಲೊದ ಸಿನೆಮಾಟೆಕಾ ಈ ಪರಂಪರೆಯ ಖಜಾನೆ. 2021ರ ಜುಲೈ 29ರಂದು ಅದರ ಉಗ್ರಾಣವೊಂದು ಹೊತ್ತಿ ಉರಿದು ಅಪಾರ ದಾಖಲೆಗಳು ಬೂದಿಯಾದವು. ಸಿನಿಮಾದ ಆಯಸ್ಸು ನಾವಂದುಕೊಂಡದ್ದಕ್ಕಿಂತ ಬಹಳ ಚಿಕ್ಕದು. ನೋಡುವವರು, ಕಾಪಾಡುವವರು ಇದ್ದರಷ್ಟೇ ಅದು ಉಳಿಯುತ್ತದೆ.

ಫುಟ್‌ಬಾಲ್ ಮತ್ತು ಕಾರ್ನಿವಲ್ ಅಷ್ಟೇ ಬ್ರೆಜಿಲ್ ಎಂದುಕೊಂಡ ಕನ್ನಡದ ಪ್ರೇಕ್ಷಕರು ಈ ಚಿತ್ರಗಳನ್ನು ಹುಡುಕಿ ನೋಡಬೇಕು. ಮೊದಲು ‘ವಿದಾಸ್ ಸೆಕಾಸ್’, ಆಮೇಲೆ ‘ಕಾಬ್ರಾ ಮರ್ಕಾಡೊ’, ಬಳಿಕ ‘ಸೆಂಟ್ರಲ್ ದೊ ಬ್ರಾಜಿಲ್’, ಕೊನೆಗೆ ‘ಐಂಡಾ ಎಸ್ಟೌ ಅಕಿ’. ಈ ಸಾಲಿನಲ್ಲಿ ನೋಡಿದವರಿಗೆ ಒಂದು ದೇಶ ತನ್ನ ಬಡವರನ್ನೂ ತನ್ನ ಸತ್ತವರನ್ನೂ ಮರೆಯಲು ಒಪ್ಪದೆ ಅರವತ್ತು ವರ್ಷ ಒಂದೇ ಸಿನಿಮಾವನ್ನು ಮುಂದುವರಿಸಿಕೊಂಡು ಬಂದದ್ದು ಕಾಣುತ್ತದೆ. ಅಷ್ಟು ದೀರ್ಘವಾದ ನಿಷ್ಠೆ ಜಗತ್ತಿನ ಚಿತ್ರರಂಗಗಳಲ್ಲಿ ಅಪರೂಪ.